ಮಾಡೆಲ್ ರೈಲಿನ ಹವ್ಯಾಸ: ಮೊದಲು ನೋಡಿ, ಆಮೇಲೆ ಕಟ್ಟಿ, ಕೊಳ್ಳೋ ಚಟ ಕೊನೆಗಿರಲಿ

ಈ ಹವ್ಯಾಸಕ್ಕೆ ಬರೋ ಬಹಳ ಜನ ತಲೆಕೆಳಗಾಗಿ ಶುರು ಮಾಡ್ತಾರೆ, ನಾನೂ ಹಾಗೇ ಮಾಡಿದ್ದು. ಆನ್‌ಲೈನಲ್ಲಿ ಒಂದು ಚೆಂದದ ಸ್ಟೀಮ್ ಇಂಜಿನ್ ಕಣ್ಣಿಗೆ ಬೀಳತ್ತೆ, ರಾತ್ರೋರಾತ್ರಿ ಆರ್ಡರ್ ಹಾಕ್ತೀವಿ, ಅದು ಮನೆಗೆ ಬಂದ್ಮೇಲೆ ಗೊತ್ತಾಗತ್ತೆ ನಮ್ಮ ಹತ್ರ ಇರೋ ಹಳಿಯ ತಿರುವು ಅದಕ್ಕೆ ತೀರಾ ಬಿಗಿ ಅಂತ, ಪ್ರತೀ ಸುತ್ತಿಗೂ ಒಂದೇ ಜಾಗದಲ್ಲಿ ಹಳಿ ತಪ್ಪಿ ಮಕಾಡೆ ಬೀಳತ್ತೆ, ಎರಡು ವಾರ ಒದ್ದಾಡಿ ಡಬ್ಬಕ್ಕೆ ಹಾಕಿ ಅಟ್ಟಕ್ಕೆ ಎಸೀತೀವಿ. ನಂದು ಆರು ತಿಂಗಳು ಅಟ್ಟದ ಮೇಲಿತ್ತು. ಅದಕ್ಕೇ ಈಗ ಯಾರು ಕೇಳಿದ್ರೂ ನಾನು ಹೇಳೋದು ಇಷ್ಟೇ, ಮೊದಲು ಕಣ್ಣಿಗೆ ಕೆಲಸ ಕೊಡಿ, ಆಮೇಲೆ ಕೈಗೆ, ಜೇಬಿನ ಸರದಿ ಕೊನೆಗೆ. ಕೆಳಗೆ ಬರೆದಿರೋದೂ ಅದೇ ಲೆಕ್ಕದಲ್ಲಿ.

ಹೆಜ್ಜೆ 1: ಒಂದು ಶೋ ನೋಡಿ, ಬರಿಗೈಲಿ ವಾಪಸ್ ಬನ್ನಿ

ಬರಿಗೈ ಅಂದಿದ್ದು ತಮಾಷೆಗಲ್ಲ. ಮೊದಲನೇ ಶೋನಲ್ಲಿ ಏನೂ ತಗೋಬೇಡಿ.

ರೈಲು ಶೋ ಅಂದ್ರೆ ಎಲ್ಲ ಒಂದೇ ಥರ ಇರಲ್ಲ. ಕೆಲವು ಕಡೆ ಲೇಔಟ್‌ಗಳದ್ದೇ ದರ್ಬಾರು, ಅಂದ್ರೆ ಕ್ಲಬ್‌ಗಳು, ಹವ್ಯಾಸಿಗಳು ತಾವು ಕಟ್ಟಿದ ಊರು, ಸ್ಟೇಷನ್ನು, ಬೆಟ್ಟ, ಸೇತುವೆ ಎಲ್ಲಾ ಹೊತ್ಕೊಂಡು ಬಂದು ಎರಡು ದಿನ ಓಡಿಸ್ತಾರೆ. ಇನ್ನು ಕೆಲವು ಕಡೆ ಬರೀ ಟೇಬಲ್‌ಗಳು, ಹಳೇ ಇಂಜಿನ್ನು, ಬಿಡಿ ಬೋಗಿ, ಮುರಿದ ಕಪ್ಲರ್ (ಬೋಗಿಗೆ ಬೋಗಿ ಸೇರಿಸೋ ಕೊಂಡಿ) ತುಂಬಿದ ಡಬ್ಬ, ಇದು ಸ್ವ್ಯಾಪ್ ಮೀಟು. ದೊಡ್ಡ ಶೋಗಳಲ್ಲಿ ಎರಡೂ ಸಿಗತ್ತೆ. ಅಮೆರಿಕಾದ ಮ್ಯಾಸಚೂಸೆಟ್ಸ್‌ನ ವೆಸ್ಟ್ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಪ್ರತೀ ಜನವರಿ ನಡೆಯೋ ಆಮ್ಹರ್ಸ್ಟ್ ರೈಲ್ವೆ ಸೊಸೈಟಿ ಅನ್ನೋ ಸಂಘದ ಶೋ ಅಂಥದ್ದು, ಹಲವು ಕಟ್ಟಡಗಳ ತುಂಬ ಹರಡಿಕೊಂಡಿರತ್ತೆ, ಒಂದೇ ದಿನಕ್ಕೆ ಮುಗಿಸ್ತೀನಿ ಅಂದ್ಕೊಂಡು ಹೋದವರ ಕಾಲು ಮುಗಿಯತ್ತೆ ಶೋ ಮುಗಿಯಲ್ಲ. ಜರ್ಮನಿಯ ಡಾರ್ಟ್‌ಮಂಡ್‌ನಲ್ಲಿ ಇಂಟರ್‌ಮೊಡೆಲ್‌ಬೌ ಅಂತ ನಡೆಯತ್ತೆ, ಅಲ್ಲಿ ರೈಲಿನ ಜೊತೆಗೆ ವಿಮಾನ, ಹಡಗು ಮಾಡೆಲ್ಲೂ ಇರತ್ತೆ. ನ್ಯೂರೆಂಬರ್ಗ್‌ನ ಆಟಿಕೆ ಮೇಳದ ಹೆಸರು ಎಲ್ಲಾ ಕಡೆ ಕೇಳಿಬರತ್ತೆ, ಆದ್ರೆ ಅದು ವ್ಯಾಪಾರಿಗಳಿಗೆ, ಕಂಪನಿಗಳು ಹೊಸ ಮಾಡೆಲ್ ಘೋಷಿಸೋ ಜಾಗ, ನಮ್ಮಂಥವರಿಗೆ ಅಲ್ಲಿ ಕೆಲಸ ಇಲ್ಲ.

ಶೋ ಸಿಗದಿದ್ರೆ ಶಾಶ್ವತವಾಗಿ ಇರೋ ಜಾಗಗಳಿವೆ. ಹ್ಯಾಂಬರ್ಗ್‌ನ ಮಿನಿಯಾಟೂರ್ ವಂಡರ್‌ಲಾಂಡ್ ಎಲ್ಲರಿಗೂ ಗೊತ್ತಿರೋದೇ, ಫ್ರೆಡರಿಕ್ ಮತ್ತು ಗೆರಿಟ್ ಬ್ರೌನ್ ಅನ್ನೋ ಅವಳಿ ಅಣ್ಣತಮ್ಮಂದಿರು 2001ರಲ್ಲಿ ಶುರು ಮಾಡಿದ್ದು, 1:87 ಅಳತೆಯಲ್ಲಿ ಸಾವಿರಕ್ಕೂ ಹೆಚ್ಚು ರೈಲು, ಕಾಲು ಗಂಟೆಗೊಂದು ಸಲ ಹಗಲು ಹೋಗಿ ರಾತ್ರಿ ಆಗತ್ತೆ, 2011ರಿಂದ ವಿಮಾನ ಮೇಲೇರೋ ಏರ್‌ಪೋರ್ಟೂ ಇದೆ. ಅದನ್ನ ನೋಡಿ ಬಾಯಿ ತೆರೀಬಹುದು, ಆದ್ರೆ ಕಲಿಯೋಕೆ ಅದಕ್ಕಿಂತ ಇಂಗ್ಲೆಂಡಿನ ಲಾಂಗ್ ವಿಟನ್‌ಹ್ಯಾಮ್‌ನಲ್ಲಿರೋ ಪೆಂಡನ್ ಮ್ಯೂಸಿಯಂ ಮೇಲು ಅಂತ ನನ್ನ ಅಭಿಪ್ರಾಯ. 1920-30ರ ಕಾಲದ ಹಳ್ಳಿಗಾಡು ಅದು, ಒಂದೊಂದು ಮನೆಗೂ ನಿಜವಾದ ಮನೆಯ ಅಳತೆ ತಗೊಂಡು ಕೈಯಲ್ಲಿ ಮಾಡಿರೋದು, ರೈಲು ಯಾವಾಗಲೋ ಒಮ್ಮೆ ಹಾದುಹೋಗತ್ತೆ, ಅದು ಹೋದ್ಮೇಲೂ ನೀವು ಅಲ್ಲೇ ನಿಂತಿರ್ತೀರ. ಅಮೆರಿಕಾದ ಸ್ಯಾನ್ ಡಿಯೇಗೋದ ಬಾಲ್ಬೋವಾ ಪಾರ್ಕ್‌ನಲ್ಲಿರೋ ಮ್ಯೂಸಿಯಂನಲ್ಲಿ ಟೆಹಾಚಪಿ ಘಾಟಿಯ ದೊಡ್ಡ ಎಚ್‌ಒ (1:87 ಅಳತೆಯ) ಲೇಔಟ್ ಇದೆ, ರೈಲು ಸುತ್ತು ಹಾಕ್ಕೊಂಡು ತನ್ನ ತಲೆ ಮೇಲೇ ತಾನು ಹಾದುಹೋಗೋ ಆ ಲೂಪು ನಿಜವಾದ ಘಾಟಿಯಲ್ಲೂ ಹಾಗೇ ಇರೋದು.

ಸರಿ, ಶೋಗೆ ಹೋದ್ಮೇಲೆ ಏನು ಮಾಡೋದು? ಮೊದಲ ಸುತ್ತು ಸುಮ್ನೆ ಓಡಾಡಿ. ಎರಡನೇ ಸುತ್ತಲ್ಲಿ ನಿಮ್ಮನ್ನ ನಿಲ್ಲಿಸಿಕೊಂಡ ಎರಡೇ ಎರಡು ಲೇಔಟ್ ಮುಂದೆ ಹದಿನೈದು ನಿಮಿಷ ನಿಲ್ಲಿ. ಮೊಣಕಾಲು ಬಗ್ಗಿಸಿ, ಕಣ್ಣನ್ನ ಹಳಿಯ ಮಟ್ಟಕ್ಕೆ ತನ್ನಿ, ಮೇಲಿಂದ ನೋಡಿದ್ರೆ ಆಟಿಕೆ ಥರ ಕಾಣೋದು ಅಲ್ಲಿಂದ ನೋಡಿದಾಗ ಊರಾಗತ್ತೆ. ಆಮೇಲೆ ಹಿಂದುಗಡೆ ಹೋಗಿ, ಅಸಲಿ ವಿಷಯ ಇರೋದೇ ಅಲ್ಲಿ. ಪರದೆ ಹಿಂದೆ ರೈಲುಗಳು ಸಾಲಾಗಿ ನಿಂತಿರೋ ಜಾಗ ಇರತ್ತೆ, ಫಿಡಲ್ ಯಾರ್ಡ್ ಅಂತಾರೆ, ಮುಂದೆ ಕಾಣೋ ಎರಡು ಮೀಟರ್ ದೃಶ್ಯಕ್ಕೆ ಹಿಂದೆ ಅಷ್ಟೇ ಉದ್ದದ ಯಾರ್ಡ್ ಇರೋದು ನೋಡಿದಾಗ ಜಾಗದ ಲೆಕ್ಕ ತಲೆಗೆ ಹೋಗತ್ತೆ. ವೈರಿಂಗ್ ನೋಡಿ, ಕಾಲುಗಳನ್ನ ಹೆಂಗೆ ಮಡಚ್ತಾರೆ ನೋಡಿ, ಫೋಟೋ ತಗೊಳ್ಳಿ ಆದ್ರೆ ಕೇಳಿ ತಗೊಳ್ಳಿ.

ಓಡಿಸ್ತಿರೋರನ್ನ ಮಾತಾಡಿಸೋಕೂ ಒಂದು ಹದ ಇದೆ. ರೈಲು ಶಂಟಿಂಗ್ ಮಾಡ್ತಿರುವಾಗ, ಅಂದ್ರೆ ಬೋಗಿಗಳನ್ನ ಹಿಂದೆ ಮುಂದೆ ಸರಿಸಿ ಜೋಡಿಸ್ತಿರುವಾಗ ಬೇಡ, ನಿಂತಾಗ ಕೇಳಿ. "ಇದಕ್ಕೆ ಎಷ್ಟಾಯ್ತು" ಅಂತ ಶುರು ಮಾಡಬೇಡಿ. "ಮತ್ತೆ ಕಟ್ಟೋದಾದ್ರೆ ಯಾವುದನ್ನ ಬೇರೆ ಥರ ಮಾಡ್ತೀರಿ?" ಅಂತ ಕೇಳಿ ನೋಡಿ, ಅರ್ಧ ಗಂಟೆ ಪುಕ್ಕಟೆ ಪಾಠ ಸಿಗತ್ತೆ, ಪುಸ್ತಕದಲ್ಲಿ ಇಲ್ಲದ್ದೆಲ್ಲ ಹೇಳ್ತಾರೆ. ಮುಟ್ಟೋದಂತೂ ಬೇಡವೇ ಬೇಡ. ಮಕ್ಕಳನ್ನ ಕರ್ಕೊಂಡು ಹೋಗಿದ್ರೆ ಕೈ ಹಿಂದೆ ಕಟ್ಕೊಳ್ಳೋಕೆ ಹೇಳಿ, ನೀವೂ ಕಟ್ಕೊಳ್ಳಿ, ದೊಡ್ಡವರೇ ಜಾಸ್ತಿ ಮುಟ್ಟೋದು.

ಹೆಜ್ಜೆ 2: ಸ್ಕೇಲ್ ಒಂದನ್ನ ಆರಿಸಿ, ಆಮೇಲೆ ಪಕ್ಕದ ದಾರಿ ನೋಡಬೇಡಿ

ಸ್ಕೇಲ್ ಬೇರೆ, ಗೇಜ್ ಬೇರೆ, ಮೊದಲು ಇದು ಗೊತ್ತಿರಲಿ. ನಿಜವಾದ ರೈಲಿಗಿಂತ ಎಷ್ಟು ಪಟ್ಟು ಚಿಕ್ಕದು ಅನ್ನೋದು ಸ್ಕೇಲ್, ಎರಡು ಹಳಿ ನಡುವಿನ ಅಂತರ ಗೇಜ್. ಎಚ್‌ಒ ಅಂದ್ರೆ 1:87, ಹಳಿ ಅಂತರ 16.5 ಮಿಮೀ. ಎನ್ ಅಂದ್ರೆ 1:160, ಅಂತರ 9 ಮಿಮೀ, ಹೆಸರು ಬಂದಿದ್ದೂ ಆ ಒಂಬತ್ತರಿಂದಲೇ, ನೈನ್‌ನ ಎನ್. ಝಡ್ 1:220, ಮಾರ್ಕ್ಲಿನ್ ಕಂಪನಿ 1972ರಲ್ಲಿ ತಂದಿದ್ದು, 6.5 ಮಿಮೀ ಹಳಿ. ಮೇಲಕ್ಕೆ ಹೋದ್ರೆ ಒ ಸ್ಕೇಲ್ 32 ಮಿಮೀ ಹಳಿ ಮೇಲೆ, ಅದಕ್ಕೂ ದೊಡ್ಡದು ಜಿ, 45 ಮಿಮೀ ಹಳಿ, ತೋಟದಲ್ಲಿ ಓಡಿಸೋಕೆ ಅದೇ ಸರಿ.

ಇದರಲ್ಲಿ ಗೊಂದಲಗಳೂ ಇವೆ. ಬ್ರಿಟನ್ ಕಡೆಯ ಒಒ ಮಾಡೆಲ್ಲು 1:76, ಆದ್ರೆ ಹಳಿ ಮಾತ್ರ ಎಚ್‌ಒದ್ದೇ 16.5 ಮಿಮೀ, ಯಾಕಂದ್ರೆ ಅಲ್ಲಿನ ಇಂಜಿನ್‌ಗಳು ನಿಜಕ್ಕೂ ಗಾತ್ರದಲ್ಲಿ ಚಿಕ್ಕವು, ಆ ಕಾಲದ ಮೋಟರ್ ಒಳಗೆ ತೂರಿಸೋಕೆ ಬಾಡಿ ಸ್ವಲ್ಪ ದೊಡ್ಡದು ಮಾಡಿದ್ರು, ಆ ರಾಜಿ ಇವತ್ತಿಗೂ ಉಳ್ಕೊಂಡಿದೆ. ಎನ್‌ನಲ್ಲೂ ಅಷ್ಟೇ, ಬ್ರಿಟಿಷ್ ಆದ್ರೆ 1:148, ಜಪಾನಿನ ಸಣ್ಣ ಹಳಿಯ ರೈಲಾದ್ರೆ 1:150. ಎಚ್‌ಒ ಅನ್ನೋ ಹೆಸರಿನ ಕಥೆ ಇನ್ನೂ ಮಜಾ. ಮಾರ್ಕ್ಲಿನ್‌ನವರು 1891ರಲ್ಲಿ ಲೈಪ್‌ಜಿಗ್ ಮೇಳದಲ್ಲಿ ತೋರಿಸಿದ ಆಟಿಕೆ ರೈಲಿನ ಗೇಜ್‌ಗಳಿಗೆ ನಂಬರ್ ಕೊಟ್ಟಿದ್ರು, 1ಕ್ಕಿಂತ ಚಿಕ್ಕದು ಬಂದಾಗ ಅದಕ್ಕೆ ಸೊನ್ನೆ ಅಂದ್ರು, ಸೊನ್ನೆಯ ಅರ್ಧ ಬಂದಾಗ ಅರ್ಧ ಸೊನ್ನೆ, ಹಾಫ್ ಝೀರೋ. ಸೊನ್ನೆ ಹೋಗ್ತಾ ಹೋಗ್ತಾ ಬಾಯಲ್ಲಿ "ಒ" ಆಯ್ತು ಅಷ್ಟೇ.

ಯಾವುದನ್ನ ತಗೋಬೇಕು? ಸುತ್ತು ಹೊಡೆಯೋ ಲೇಔಟ್ ಬೇಕಿದ್ರೆ ಎಚ್‌ಒಗೆ ಕಮ್ಮಿ ಅಂದ್ರೂ ಒಂದು ಮೀಟರ್‌ಗಿಂತ ಚೂರು ಅಗಲದ ಹಲಗೆ ಬೇಕು, ಎನ್‌ಗೆ ಅರವತ್ತೈದು ಸೆಂಟಿಮೀಟರ್ ಅಗಲ ಸಾಕು. ಇನ್ನೊಂದು ಲೆಕ್ಕ ನೆನಪಿಟ್ಕೊಳ್ಳಿ, ತಿರುವಿನ ತ್ರಿಜ್ಯ ನಿಮ್ಮ ಅತಿ ಉದ್ದದ ಬೋಗಿಯ ಮೂರು ಪಟ್ಟಾದ್ರೂ ಇದ್ರೆ ಚೆಂದ, ಎರಡು ಪಟ್ಟಿಗಿಂತ ಕೆಳಗೆ ಹೋದ್ರೆ ಕಿರಿಕಿರಿ ಗ್ಯಾರಂಟಿ. ಎಚ್‌ಒದಲ್ಲಿ ಉದ್ದದ ಪ್ಯಾಸೆಂಜರ್ ಬೋಗಿ ಸುಮಾರು 30 ಸೆಂಮೀ ಬರತ್ತೆ, ಅಂದ್ರೆ 90 ಸೆಂಮೀ ತ್ರಿಜ್ಯ, ಅಂದ್ರೆ ಸುಮಾರು ಎರಡು ಮೀಟರ್ ಅಗಲ! ಅದೇ ಗಿಡ್ಡ ಗೂಡ್ಸ್ ವ್ಯಾಗನ್ ಆದ್ರೆ 14 ಸೆಂಮೀ, 42-45ರ ತ್ರಿಜ್ಯದಲ್ಲೇ ಆರಾಮಾಗಿ ಓಡತ್ತೆ. ನನ್ನ ಅಟ್ಟ ಸೇರಿದ ಇಂಜಿನ್ನಿಗೆ ಯಾರಾದ್ರೂ ಈ ಒಂದು ಲೆಕ್ಕ ಹೇಳಿಕೊಟ್ಟಿದ್ರೆ ಸಾಕಿತ್ತು.

ಕಣ್ಣು ಮಂಜಾಗ್ತಿದ್ರೆ, ಕೈ ನಡುಗೋ ಹಾಗಿದ್ರೆ ಎನ್ ಬೇಡ, ಹಳಿ ಮೇಲೆ ಚಕ್ರ ಕೂರಿಸೋಕೇ ಸುಸ್ತಾಗತ್ತೆ. ಉಳಿದಂತೆ ಜಾಗ ಹೇಳಿದ್ದೇ ತೀರ್ಮಾನ.

ಹೆಜ್ಜೆ 3: ಕಟ್ಟಿ, ಆದ್ರೆ ಪುಟ್ಟದು

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನೋ ಗಾದೆ ಮಾಡೆಲ್ ರೈಲಿನವರಿಗೇ ಹೇಳಿ ಮಾಡಿಸಿದ್ದು. ರೂಮಿನ ತುಂಬ ಲೇಔಟ್ ಪ್ಲಾನ್ ಮಾಡಿ, ಪ್ಲೈವುಡ್ ಚೌಕಟ್ಟು ಹಾಕಿ, ಅರ್ಧ ಹಳಿ ಹಾಸಿ, ಅದರ ಮೇಲೆ ಬಟ್ಟೆ ಒಣಗಿ ಹಾಕೋರನ್ನ ನಾನು ಬೇಕಾದಷ್ಟು ನೋಡಿದೀನಿ. ಮೊದಲ ಲೇಔಟು ಒಂದು ಹಲಗೆ ದಾಟಬಾರದು.

ನನ್ನ ಶಿಫಾರಸು ಇಂಗಲ್‌ನೂಕ್. ಅಲನ್ ರೈಟ್ ಅನ್ನೋ ಬ್ರಿಟಿಷ್ ಹವ್ಯಾಸಿ ಮಾಡಿದ ಪುಟಾಣಿ ಶಂಟಿಂಗ್ ಲೇಔಟ್ ಇದು, ಎರಡೇ ಪಾಯಿಂಟ್ಸು (ರೈಲಿನ ದಾರಿ ಬದಲಿಸೋ ಹಳಿ), ಮೂರು ಸೈಡಿಂಗು (ವ್ಯಾಗನ್ ನಿಲ್ಲಿಸೋ ಪಕ್ಕದ ಹಳಿ). ಒಂದರಲ್ಲಿ ಐದು ವ್ಯಾಗನ್ ಹಿಡಿಯತ್ತೆ, ಉಳಿದ ಎರಡರಲ್ಲಿ ಮೂರು ಮೂರು, ಇಂಜಿನ್ ನಿಲ್ಲೋ ಲೈನಲ್ಲಿ ಇಂಜಿನ್ ಜೊತೆ ಮೂರೇ ವ್ಯಾಗನ್. ಒಟ್ಟು ಎಂಟು ವ್ಯಾಗನ್ ಇಟ್ಕೊಂಡು ಅದರಲ್ಲಿ ಐದನ್ನ ಚೀಟಿ ಎತ್ತಿ ಆರಿಸಿ, ಚೀಟಿ ಬಂದ ಕ್ರಮದಲ್ಲೇ ರೈಲು ಜೋಡಿಸಬೇಕು. ಕೇಳೋಕೆ ಏನೂ ಇಲ್ಲ ಅನ್ಸತ್ತೆ, ಆದ್ರೆ ಎಂಟರಲ್ಲಿ ಐದನ್ನ ಸಾಲಾಗಿ ನಿಲ್ಲಿಸೋಕೆ 6,720 ಬಗೆ ಇದೆ, ಹಾಗಾಗಿ ಬೇಜಾರಾಗೋ ಮಾತೇ ಇಲ್ಲ. ಗಿಡ್ಡ ವ್ಯಾಗನ್ ಬಳಸಿದ್ರೆ ಒಒ ಅಥವಾ ಎಚ್‌ಒದಲ್ಲಿ ಒಂದೂಕಾಲು ಮೀಟರ್ ಆಸುಪಾಸಲ್ಲಿ ಕೂರತ್ತೆ, ಎನ್‌ನಲ್ಲಿ ಅದರ ಅರ್ಧ. ಸುತ್ತು ಹೊಡೆಯೋ ರೈಲನ್ನ ನಾನು ಮೂರು ದಿನ ನೋಡಿದೆ, ನಾಲ್ಕನೇ ದಿನಕ್ಕೆ ಫ್ಯಾನ್ ನೋಡಿದ ಹಾಗಾಯ್ತು, ಇಂಗಲ್‌ನೂಕ್ ಮಾತ್ರ ಈಗಲೂ ಟೇಬಲ್ ಮೇಲಿದೆ.

ಇಲ್ಲ, ಓಡೋದು ನೋಡಲೇಬೇಕು ಅನ್ನೋರಿಗೆ ಟಿ-ಟ್ರ್ಯಾಕ್ ಇದೆ, ಜಪಾನಿನಲ್ಲಿ ಹುಟ್ಟಿದ್ದು, ಎನ್ ಸ್ಕೇಲ್‌ನ ಪುಟ್ಟ ಪೆಟ್ಟಿಗೆಗಳು, ಒಂದೊಂದು ಸುಮಾರು 31 ಸೆಂಮೀ ಅಗಲ, ಕೇಟೋ ಕಂಪನಿಯ ಕ್ಲಿಕ್ ಆಗಿ ಕೂರೋ ಹಳಿ. ನೀವು ಎರಡು ಪೆಟ್ಟಿಗೆ ಮಾಡಿ, ಬೇರೆಯವರು ನಾಲ್ಕು ತರ್ತಾರೆ, ಯಾವ ಟೇಬಲ್ ಮೇಲೆ ಬೇಕಾದ್ರೂ ಸೇರಿಸಿ ಓಡಿಸಬಹುದು.

ಈಗ ಕಟ್ಟೋ ಕ್ರಮ. ತಳಕ್ಕೆ ಪ್ಲೈವುಡ್ ಚೌಕಟ್ಟು, ಅದರ ಮೇಲೆ ಗಟ್ಟಿ ಫೋಮ್ ಶೀಟು. ಕಾಳು ಕಾಳಾಗಿ ಉದುರೋ ಬಿಳಿ ಥರ್ಮೋಕೋಲ್ ಅಲ್ಲ, ಒತ್ತಿದ್ರೆ ಬಗ್ಗದ ದಟ್ಟ ಶೀಟು, ಹಗುರ ಇರತ್ತೆ, ಚಾಕುಲಿ ಕೆತ್ತಿ ಹಳ್ಳಕೊಳ್ಳ ಮಾಡಬಹುದು. ಹಲಗೆಯ ಆಚೆ ಅಂಚು ನಿಮ್ಮ ಕೈಗೆ ಎಟುಕಲೇಬೇಕು, 75 ಸೆಂಮೀ ದಾಟಿದ್ರೆ ಹಳಿ ತಪ್ಪಿದ ಬೋಗಿ ಎತ್ತೋಕೆ ಹೋಗಿ ಎರಡು ಮರ ಒಂದು ಕಂಬ ಮುರೀತೀರ. ರಸಮಟ್ಟ ಇಟ್ಟು ನೋಡಿ, ಶಂಟಿಂಗ್ ಲೇಔಟ್ ಒಂಚೂರು ಓರೆ ಇದ್ರೂ ವ್ಯಾಗನ್‌ಗಳು ತಾವಾಗೇ ಜಾರಿಕೊಂಡು ಹೋಗ್ತವೆ.

ಹಳಿಯನ್ನ ಅಂಟಿಸೋ ಮುಂಚೆ ಪಿನ್ ಹಾಕಿ ತಾತ್ಕಾಲಿಕವಾಗಿ ನಿಲ್ಲಿಸಿ, ಒಂದು ವಾರ ಓಡಿಸಿ. ನಿಜವಾಗ್ಲೂ ಒಂದು ವಾರ. ಯಾವ ಜೋಡಣೆಯಲ್ಲಿ ಚಕ್ರ ಎಗರತ್ತೆ, ಯಾವ ಪಾಯಿಂಟ್ಸ್ ಮೇಲೆ ಇಂಜಿನ್ ನಿಂತುಬಿಡತ್ತೆ ಎಲ್ಲ ಆಗಲೇ ಗೊತ್ತಾಗತ್ತೆ. ಕಣ್ಣು ಮುಚ್ಚಿ ಜೋಡಣೆ ಮೇಲೆ ಉಗುರು ಸವರಿ ನೋಡಿ, ಉಗುರಿಗೆ ತಾಗಿದ್ದು ಚಕ್ರಕ್ಕೂ ತಾಗತ್ತೆ. ಎಡಕ್ಕೆ ತಿರುಗಿದ ಕೂಡ್ಲೇ ಬಲಕ್ಕೆ ತಿರುಗೋ ಹಾಗೆ ಹಾಕಬೇಡಿ, ನಡುವೆ ಒಂದು ಬೋಗಿಯಷ್ಟಾದ್ರೂ ನೇರ ಹಳಿ ಇರಲಿ, ಇಲ್ಲಾಂದ್ರೆ ಕಪ್ಲರ್‌ಗಳು ಒಂದನ್ನೊಂದು ಪಕ್ಕಕ್ಕೆ ಎಳೆದು ಬೋಗಿ ಕೆಡವ್ತವೆ.

ಏರು ಹಳಿ, ಮೇಲೊಂದು ಸೇತುವೆ, ಕೆಳಗೊಂದು ರೈಲು, ಇದು ಎಲ್ಲರ ಕನಸು. ಲೆಕ್ಕ ಹಾಕಿ ನೋಡಿ, ಎಚ್‌ಒದಲ್ಲಿ ಕೆಳಗಿನ ರೈಲು ಹಾಯೋಕೆ ಮೇಲಿನ ಹಳಿ ಸುಮಾರು 8 ಸೆಂಮೀ ಎತ್ತರ ಹೋಗಬೇಕು, 2 ಪರ್ಸೆಂಟ್ ಏರು ಅಂದ್ರೆ ಮೀಟರ್‌ಗೆ 2 ಸೆಂಮೀ, ಅಲ್ಲಿಗೆ ನಾಲ್ಕು ಮೀಟರ್ ಹಳಿ ಬರೀ ಹತ್ತೋಕೇ ಬೇಕು, ಇಳಿಯೋಕೆ ಇನ್ನೊಂದು ನಾಲ್ಕು. ಮೊದಲ ಲೇಔಟ್‌ಗೆ ಬೇಡ ಅಂದಿದ್ದು ಅದಕ್ಕೇ.

ಕರೆಂಟಿನ ವಿಷಯದಲ್ಲಿ ಒಂದೇ ಮಾತು, ಹಳಿ ಜೋಡಿಸೋ ಲೋಹದ ಜಾಯಿನರ್‌ಗಳನ್ನ ನಂಬಬೇಡಿ. ಇವತ್ತು ಕರೆಂಟ್ ದಾಟಿಸ್ತವೆ, ಆರು ತಿಂಗಳಿಗೆ ಸಡಿಲ ಆಗ್ತವೆ. ಹಲಗೆ ಕೆಳಗೆ ದಪ್ಪ ವೈರು ಎರಡು ಎಳೆದು, ಪ್ರತೀ ಒಂದು ಮೀಟರ್‌ಗೆ, ಸಾಧ್ಯ ಆದ್ರೆ ಪ್ರತೀ ತುಂಡಿಗೂ, ಸಣ್ಣ ವೈರಲ್ಲಿ ಹಳಿಗೆ ಬೆಸುಗೆ ಹಾಕಿ. ಬಣ್ಣ ಒಂದೇ ಕ್ರಮದಲ್ಲಿರಲಿ, ಹೊರಗಿನ ಹಳಿಗೆ ಕೆಂಪು ಅಂದ್ರೆ ಎಲ್ಲಾ ಕಡೆ ಕೆಂಪೇ. ನಾನು ಒಂದು ರಾತ್ರಿ ಇದ್ದ ಒಂದೇ ಬಣ್ಣದ ವೈರಲ್ಲಿ ಎಲ್ಲಾ ಮುಗಿಸಿದೆ, ಮಾರನೇ ದಿನ ಶಾರ್ಟ್ ಎಲ್ಲಿದೆ ಅಂತ ಹುಡುಕೋಕೆ ಇಡೀ ಭಾನುವಾರ ಹಲಗೆ ಕೆಳಗೇ ಮಲಗಿದ್ದೆ.

ಇಂಜಿನ್ ಓಡಿಸೋ ಪದ್ಧತಿ ಎರಡು, ಡಿಸಿನಾ ಡಿಸಿಸಿನಾ ಅಂತ ಕೇಳ್ತೀರ. ಡಿಸಿಯಲ್ಲಿ ಹಳಿಗೆ ಹೋಗೋ ವೋಲ್ಟೇಜ್ ಜಾಸ್ತಿ ಮಾಡಿದ್ರೆ ಇಂಜಿನ್ ವೇಗ ಜಾಸ್ತಿ, ಒಂದೇ ಹಳಿ ಮೇಲೆ ಎರಡು ಇಂಜಿನ್ ಇದ್ರೆ ಎರಡೂ ಓಡ್ತವೆ. ಡಿಸಿಸಿಯಲ್ಲಿ ಹಳಿಗೆ ಯಾವಾಗಲೂ ಪೂರ್ತಿ ಕರೆಂಟು, ಅದರ ಜೊತೆಗೇ ಡಿಜಿಟಲ್ ಆದೇಶ ಹೋಗತ್ತೆ, ಪ್ರತೀ ಇಂಜಿನ್ ಒಳಗಿನ ಡಿಕೋಡರ್ ತನ್ನ ನಂಬರ್ ಬಂದಾಗ ಮಾತ್ರ ಕೇಳತ್ತೆ. ಜರ್ಮನಿಯ ಲೆಂಟ್ಸ್ ಕಂಪನಿಯ ಪದ್ಧತಿ ಇಟ್ಕೊಂಡು ಅಮೆರಿಕಾದ ಎನ್‌ಎಂಆರ್‌ಎ, 1935ರಿಂದ ಇರೋ ಹವ್ಯಾಸಿಗಳ ಸಂಘ, 1990ರ ದಶಕದಲ್ಲಿ ಇದನ್ನ ಸ್ಟ್ಯಾಂಡರ್ಡ್ ಮಾಡ್ತು, ಹಾಗಾಗಿ ಒಂದು ಕಂಪನಿಯ ಕಂಟ್ರೋಲರ್ ಮಾತನ್ನ ಇನ್ನೊಂದರ ಇಂಜಿನ್ ಕೇಳತ್ತೆ. ಹೊಸ ಡಿಕೋಡರ್ ಸಾಮಾನ್ಯವಾಗಿ ಅಡ್ರೆಸ್ 3ಕ್ಕೆ ಉತ್ತರ ಕೊಡತ್ತೆ, ಇಂಜಿನ್ ಸತ್ತಿದೆ ಅಂತ ಅಳೋ ಮುಂಚೆ 3 ಒತ್ತಿ ನೋಡಿ. ಒಂದೇ ಇಂಜಿನ್ನಿನ ಇಂಗಲ್‌ನೂಕ್‌ಗೆ ಡಿಸಿ ಸಾಕು. ಮಾರ್ಕ್ಲಿನ್ ಎಚ್‌ಒ ಮಾತ್ರ ಬೇರೆಯೇ ಲೋಕ, ಹಳಿ ನಡುವೆ ಸಾಲಾಗಿ ಸಣ್ಣ ಗುಬುಟುಗಳಿರ್ತವೆ, ಕರೆಂಟ್ ಅಲ್ಲಿಂದ ಹೋಗೋದು, ಅದರ ಇಂಜಿನ್ನು ನಿಮ್ಮ ಎರಡು ಹಳಿಯ ಟ್ರ್ಯಾಕ್ ಮೇಲೆ ನಡಿಯಲ್ಲ, ಸೆಕೆಂಡ್ ಹ್ಯಾಂಡ್ ತಗೊಳ್ಳೋವಾಗ ಇದರಲ್ಲೇ ಬಹಳ ಜನ ಮೋಸ ಹೋಗೋದು.

ಜಲ್ಲಿ ಹಾಕೋದು ಎಲ್ಲರಿಗೂ ಬೇಜಾರು, ನನಗೆ ಮಾತ್ರ ಇಷ್ಟ. ಒಣ ಜಲ್ಲಿ ಪುಡಿಯನ್ನ ಹಳಿ ನಡುವೆ ಉದುರಿಸಿ, ಮೆತ್ತನೆ ಬ್ರಶ್ಶಲ್ಲಿ ಸ್ಲೀಪರ್ (ಹಳಿ ಕೆಳಗಿನ ಅಡ್ಡಪಟ್ಟಿ) ಮೇಲಿರೋ ಕಾಳನ್ನೆಲ್ಲ ಸರಿಸಿ, ಇದಕ್ಕೇ ಜಾಸ್ತಿ ಹೊತ್ತು ಕೊಡಿ ಯಾಕಂದ್ರೆ ಅಂಟಿದ ಮೇಲೆ ಸರಿ ಮಾಡೋಕಾಗಲ್ಲ. ಆಮೇಲೆ ನೀರನ್ನ ಹಬೆ ಥರ ಸ್ಪ್ರೇ ಮಾಡಿ ಒದ್ದೆ ಮಾಡಿ, ಬಿಳಿ ಗೋಂದಿಗೆ ಅಷ್ಟೇ ನೀರು ಬೆರೆಸಿ ಎರಡು ಹನಿ ಪಾತ್ರೆ ತೊಳೆಯೋ ಲಿಕ್ವಿಡ್ ಹಾಕಿ ಡ್ರಾಪರಲ್ಲಿ ಬಿಡಿ. ಆ ಸೋಪಿನ ಹನಿ ಇಲ್ಲದಿದ್ರೆ ಗೋಂದು ಜಲ್ಲಿ ಒಳಗೆ ಇಳಿಯಲ್ಲ, ಮೇಲೇ ಗುಂಡಗೆ ಕೂತು ಕಾಳನ್ನೆಲ್ಲ ಉರುಳಿಸಿಕೊಂಡು ಹೋಗತ್ತೆ. ಪಾಯಿಂಟ್ಸ್‌ನ ಆಡೋ ಭಾಗದ ಹತ್ರ ಗೋಂದು ತೋರಿಸಲೇಬೇಡಿ.

ಹೆಜ್ಜೆ 4: ಓಡಿಸೋದೂ ಒಂದು ಕಲೆ

ಹಳಿ ಕ್ಲೀನ್ ಇಲ್ಲದಿದ್ರೆ ಎಂಥಾ ಇಂಜಿನ್ನೂ ತಿಕ್ಕಲು ತಿಕ್ಕಲಾಗಿ ಓಡತ್ತೆ. ಹತ್ತಿ ಬಟ್ಟೆಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಒರೆಸಿ, ಉಪ್ಪು ಕಾಗದ ಮಾತ್ರ ಬೇಡ, ಅದು ಬಿಡೋ ಗೀರುಗಳಲ್ಲೇ ಕೊಳೆ ಮತ್ತೆ ಕೂರತ್ತೆ. ಚಕ್ರಕ್ಕೂ ಇದೇ, ಟಿಶ್ಯೂ ಕಾಗದ ಒದ್ದೆ ಮಾಡಿ ಹಳಿ ಮೇಲೆ ಅಡ್ಡ ಹಾಸಿ, ಇಂಜಿನ್ನಿನ ಅರ್ಧ ಚಕ್ರ ಕಾಗದದ ಮೇಲೆ ಅರ್ಧ ಹಳಿ ಮೇಲೆ ಇರೋ ಹಾಗೆ ಹಿಡಿದು ಓಡಿಸಿ, ಕಾಗದದ ಮೇಲೆ ಬರೋ ಕಪ್ಪು ಗೆರೆ ನೋಡಿ ಗಾಬರಿ ಆಗಬೇಡಿ.

ಆಮೇಲೆ ನಿಧಾನ. ಎಲ್ಲರೂ ಜೋರಾಗಿ ಓಡಿಸ್ತಾರೆ. ಯಾರ್ಡಲ್ಲಿ ಶಂಟಿಂಗ್ ಇಂಜಿನ್ನು ನಡಿಗೆ ವೇಗ ದಾಟಲ್ಲ, ಕಪ್ಲರ್ ಸೇರಿಸುವಾಗ ಪಕ್ಕದ ವ್ಯಾಗನ್ ಅಲ್ಲಾಡಬಾರದು. ಪ್ರತೀ ವ್ಯಾಗನ್‌ಗೂ ಒಂದು ಚೀಟಿ ಮಾಡಿ, ಎಲ್ಲಿಂದ ಎಲ್ಲಿಗೆ, ಏನು ಮಾಲು ಅಂತ ಬರೀರಿ. ಅಷ್ಟಾದ್ರೆ ರೈಲಿಗೆ ಹೋಗೋಕೆ ಒಂದು ಕಾರಣ ಸಿಗತ್ತೆ, ನಿಮಗೆ ಸಂಜೆ ಕಳೆಯತ್ತೆ.

ಹೆಜ್ಜೆ 5: ಈಗ ಜೇಬಿಗೆ ಕೈ ಹಾಕಿ

ಸಂಗ್ರಹ ಅನ್ನೋದು ಬೇರೆಯೇ ರುಚಿ. ಲೇಔಟ್ ಇಲ್ಲದೇ ಬರೀ ಸಂಗ್ರಹ ಮಾಡೋರೂ ಇದ್ದಾರೆ, ತಪ್ಪೇನಿಲ್ಲ. ಜಪಾನಿನ ನೊಬುತಾರೊ ಹಾರಾ ಅವರು ಬದುಕಿಡೀ ಕೂಡಿಟ್ಟ, ತಾವೇ ಮಾಡಿದ ಸಾವಿರಾರು ಮಾಡೆಲ್‌ಗಳಿಂದ ಯೊಕೊಹಾಮಾದಲ್ಲಿ 2012ರಲ್ಲಿ ಒಂದು ಮ್ಯೂಸಿಯಂಮ್ಮೇ ಆಯ್ತು. ಆದ್ರೆ ಸಿಕ್ಕಿದ್ದೆಲ್ಲ ತುಂಬಿಕೊಳ್ಳೋದು ಸಂಗ್ರಹ ಅಲ್ಲ, ಗುಜರಿ. ಒಂದು ಗೆರೆ ಹಾಕ್ಕೊಳ್ಳಿ. ಒಂದೇ ರೈಲ್ವೆ, ಅಥವಾ ಒಂದೇ ದಶಕ, ಅಥವಾ ಒಂದೇ ಜಾತಿ ಇಂಜಿನ್ನು, ಅಥವಾ ಬರೀ ಟ್ಯಾಂಕರ್ ವ್ಯಾಗನ್ನು. ಗೆರೆ ಇದ್ರೆ ಶೋನಲ್ಲಿ ನೂರು ಟೇಬಲ್ ದಾಟಿ ಹೋಗೋಕೆ ಧೈರ್ಯ ಬರತ್ತೆ.

ಹಳೇ ಕಂಪನಿಗಳ ಕಥೆ ಗೊತ್ತಿದ್ರೆ ಇನ್ನೂ ಚೆನ್ನ. ಜೋಶುವಾ ಲಯನಲ್ ಕೋವನ್ 1900ರಲ್ಲಿ ಶುರು ಮಾಡಿದ ಲಯನಲ್ ಕಂಪನಿಯ ಮೊದಲ ರೈಲು ಅಂಗಡಿ ಕಿಟಕಿಯಲ್ಲಿ ಜನರನ್ನ ಸೆಳೆಯೋಕೆ ಅಂತ ಮಾಡಿದ್ದು, ಬಂದ ಗಿರಾಕಿಗಳು ಬೇರೆ ಸಾಮಾನು ಬಿಟ್ಟು ಆ ರೈಲೇ ಕೊಡಿ ಅಂದ್ರು. ಅದೇ ಕಂಪನಿ 1957ರಲ್ಲಿ ಹುಡುಗಿಯರಿಗೆ ಅಂತ ಗುಲಾಬಿ ಬಣ್ಣದ ಇಂಜಿನ್ ಸೆಟ್ ತಂದು ಕೈ ಸುಟ್ಕೊಳ್ತು, ಯಾರೂ ತಗೊಳ್ಳಲಿಲ್ಲ, ತಗೊಳ್ಳದೇ ಇದ್ದಿದ್ದಕ್ಕೇ ಇವತ್ತು ಅಸಲಿ ಸೆಟ್ ಸಿಗೋದು ಕಷ್ಟ, ಸಂಗ್ರಹಕಾರರು ಅದಕ್ಕೆ ಬಾಯಿ ಬಿಡ್ತಾರೆ. ಬೇಡಿಕೆ ಇದೆ ಅಂದ್ಮೇಲೆ ಬೇರೆ ಬಣ್ಣದ್ದಕ್ಕೆ ಗುಲಾಬಿ ಬಳಿದು ಮಾರೋರೂ ಹುಟ್ಕೊಳ್ತಾರೆ, 1990ರ ದಶಕದಲ್ಲಿ ಮತ್ತೆ ಮಾಡಿದ ಅಧಿಕೃತ ಸೆಟ್ಟೂ ಇದೆ, ಅದನ್ನ ಹಳೇದು ಅಂತ ದಾಟಿಸೋದೂ ಉಂಟು.

ಸೆಕೆಂಡ್ ಹ್ಯಾಂಡ್ ಇಂಜಿನ್ ತಗೊಳ್ಳೋವಾಗ ನಾನು ನೋಡೋ ಕ್ರಮ ಹೇಳ್ತೀನಿ. ಮೊದಲು ತಿರುಗಿಸಿ ತಳ ನೋಡ್ತೀನಿ, ಮೇಲ್ಭಾಗ ಎಲ್ಲರೂ ಒರೆಸಿ ಇಟ್ಟಿರ್ತಾರೆ, ತಳ ಸುಳ್ಳು ಹೇಳಲ್ಲ. ಚಕ್ರದ ಲೇಪ ಸವೆದು ಹಿತ್ತಾಳೆ ಕಾಣ್ತಿದ್ಯಾ, ಸ್ಕ್ರೂ ತಲೆ ಕಿತ್ತಿದ್ಯಾ ಅಂತ. ಆಮೇಲೆ ಲೋಹದ ಬಾಡಿ, ಫ್ರೇಮ್ ಮೇಲೆ ಕೂದಲೆಳೆ ಬಿರುಕು ಹುಡುಕ್ತೀನಿ. ಇದನ್ನ ಝಿಂಕ್ ಪೆಸ್ಟ್ ಅಂತಾರೆ, ಹುಳ ಏನಲ್ಲ, ಅಚ್ಚು ಹೊಯ್ಯುವಾಗ ಸತುವಿನ ಮಿಶ್ರಣಕ್ಕೆ ಸೀಸದಂಥ ಕಲ್ಮಶ ಸೇರಿದ್ರೆ ವರ್ಷಗಳು ಕಳೆದ ಹಾಗೆ ಲೋಹ ಉಬ್ಬಿ, ಬಾಗಿ, ಬಿರಿದು, ಕೊನೆಗೆ ಕೈಯಲ್ಲೇ ಪುಡಿಯಾಗತ್ತೆ. ಎರಡನೇ ಮಹಾಯುದ್ಧಕ್ಕಿಂತ ಮುಂಚಿನ ಮಾಡೆಲ್‌ಗಳಲ್ಲಿ ಜಾಸ್ತಿ, ಆಮೇಲಿನದ್ದಕ್ಕೂ ಬಂದಿದೆ. ಮದ್ದಿಲ್ಲ. ಫ್ರೇಮ್ ಬಾಳೆಹಣ್ಣಿನ ಥರ ಬಾಗಿದ್ರೆ ಎಷ್ಟೇ ಅಗ್ಗಕ್ಕೆ ಕೊಟ್ರೂ ಕೆಳಗಿಟ್ಟು ಬನ್ನಿ.

ಟೆಸ್ಟ್ ಟ್ರ್ಯಾಕ್ ಮೇಲೆ ಓಡಿಸಿ ತೋರಿಸಿ ಅಂತ ಕೇಳೋಕೆ ನಾಚಿಕೆ ಬೇಡ. ಎರಡೂ ದಿಕ್ಕಿಗೆ, ನಿಧಾನಕ್ಕೆ. ಬರೀ ಹಳೇ ಗ್ರೀಸ್ ಗಟ್ಟಿಯಾಗಿ ಓಡದೇ ಇರೋ ಇಂಜಿನ್ನು ಬಿಚ್ಚಿ ತೊಳೆದ್ರೆ ಸರಿಹೋಗತ್ತೆ, ಟಕ್ ಟಕ್ ಅಂತ ಒಂದೇ ತಾಳದಲ್ಲಿ ಸದ್ದು ಬಂದ್ರೆ ಗೇರ್ ಒಡೆದಿರತ್ತೆ. ಹಳೇ ಕಾಲದ ಚಕ್ರಗಳ ಅಂಚು ಆಳ ಇರತ್ತೆ, ನಿಮ್ಮದು ತೆಳು ಹಳಿ ಆದ್ರೆ ಅದು ಮೊಳೆಗೆ ತಾಗಿ ಕಟಕಟ ಅನ್ನತ್ತೆ. ಹಳಿಯ ಎತ್ತರಕ್ಕೆ ಕೋಡ್ ಅಂತ ನಂಬರ್ ಇದೆ, ಇಂಚಿನ ಸಾವಿರದ ಲೆಕ್ಕದಲ್ಲಿ, ಕೋಡ್ 100 ಅಂದ್ರೆ 2.54 ಮಿಮೀ, ಕೋಡ್ 83 ಅಂದ್ರೆ ಸುಮಾರು 2.1. ಹಳೇದನ್ನ ಓಡಿಸಬೇಕು ಅನ್ನೋರಿಗೆ ಕೋಡ್ 100 ವಾಸಿ.

ಡಬ್ಬ ಎಸೀಬೇಡಿ. ಅಸಲಿ ಡಬ್ಬ, ಒಳಗಿನ ಟ್ರೇ, ಸೂಚನೆ ಕಾಗದ, ಕವರಲ್ಲಿ ಬಂದ ಚಿಲ್ಲರೆ ಭಾಗಗಳು, ಎಲ್ಲಕ್ಕೂ ಬೆಲೆ ಇದೆ. ಡಬ್ಬದ ಮೇಲಿನ ನಂಬರ್ ಒಳಗಿನ ಇಂಜಿನ್ನಿಗೆ ಹೊಂದ್ತಾ ಅಂತ ಕೊಳ್ಳುವಾಗಲೇ ನೋಡಿ. ಅಮೆರಿಕಾದ ಆಟಿಕೆ ರೈಲಿನ ಲೋಕದಲ್ಲಿ ಸ್ಥಿತಿಯನ್ನ 1ರಿಂದ 10ರ ತನಕ ನಂಬರ್ ಕೊಟ್ಟು ಹೇಳ್ತಾರೆ, 10 ಅಂದ್ರೆ ಮುಟ್ಟದ ಹೊಸದು. ಮಾರೋರ 8 ನಿಮ್ಮ 6 ಆಗಿರತ್ತೆ ಅಂತಿಟ್ಕೊಂಡೇ ಮಾತು ಶುರು ಮಾಡಿ. ಚೌಕಾಸಿಗೆ ಒಳ್ಳೇ ಹೊತ್ತು ಕೊನೇ ದಿನದ ಕೊನೇ ಎರಡು ಗಂಟೆ, ಭಾರದ ಡಬ್ಬ ವಾಪಸ್ ಹೊತ್ಕೊಂಡು ಹೋಗೋಕೆ ಯಾರಿಗೂ ಇಷ್ಟ ಇರಲ್ಲ, ಆದ್ರೆ ಅಪರೂಪದ್ದು ಮೊದಲ ಗಂಟೆಲೇ ಹೋಗಿರತ್ತೆ.

ಇದನ್ನ ಹೂಡಿಕೆ ಅಂತ ಯಾರಾದ್ರೂ ಹೇಳಿದ್ರೆ ನಗ್ತಾ ಮುಂದೆ ಹೋಗಿ. ಹಳೇ ತಲೆಮಾರಿನವರ ಸಂಗ್ರಹಗಳು ಒಟ್ಟಿಗೆ ಮಾರಾಟಕ್ಕೆ ಬಂದಾಗ ಸಾಮಾನ್ಯ ಮಾಡೆಲ್‌ಗಳ ಬೆಲೆ ಇಳಿಯತ್ತೆ. ತಂದಿದ್ದನ್ನ ಬಿಸಿಲು ಬೀಳದ, ತೇವ ಇಲ್ಲದ ಕಡೆ ಇಡಿ, ಸಿಲಿಕಾ ಜೆಲ್ ಹಾಕಿ, ಹಳೇ ಸ್ಪಂಜು ಅಂಟಂಟಾಗಿದ್ರೆ ಕೂಡ್ಲೇ ತೆಗೆದು ಆಸಿಡ್ ಇಲ್ಲದ ಟಿಶ್ಯೂ ಸುತ್ತಿ, ಇಲ್ಲಾಂದ್ರೆ ಅದು ಬಣ್ಣಕ್ಕೇ ಕಚ್ಕೊಳ್ಳತ್ತೆ. ವರ್ಷಕ್ಕೆ ಎರಡು ಸಲ ಎಲ್ಲಾ ಇಂಜಿನ್ನೂ ಐದೈದು ನಿಮಿಷ ಓಡಿಸಿ. ಮತ್ತೆ ಒಂದು ಪಟ್ಟಿ ಬರೆದಿಡಿ, ಏನು, ಯಾವಾಗ, ಎಷ್ಟಕ್ಕೆ ಅಂತ. ಎಷ್ಟಕ್ಕೆ ಅನ್ನೋ ಕಾಲಂ ಮನೆಯವರಿಗೆ ತೋರಿಸಬೇಕಾ ಬೇಡ್ವಾ ನಿಮಗೆ ಬಿಟ್ಟಿದ್ದು, ಆದ್ರೆ ಪಟ್ಟಿ ಎಲ್ಲಿದೆ ಅಂತ ಒಬ್ಬರಿಗಾದ್ರೂ ಗೊತ್ತಿರಲಿ, ನೀವಿಲ್ಲದಾಗ ಅವರು ಯಾವುದನ್ನೂ ಕಿಲೋ ಲೆಕ್ಕದಲ್ಲಿ ಕೊಟ್ಟುಬಿಡಬಾರದು.

ಹೆಜ್ಜೆ 6: ನಿಮ್ಮದನ್ನೂ ಹೊತ್ಕೊಂಡು ಹೋಗಿ

ಪುಟ್ಟ ಲೇಔಟ್ ಕಟ್ಟಿ ಅಂದಿದ್ದಕ್ಕೆ ಇನ್ನೊಂದು ಕಾರಣ ಇದೆ, ಕಾರಿನ ಹಿಂದಿನ ಸೀಟಲ್ಲಿ ಹಿಡಿಯತ್ತೆ, ಶೋಗೆ ತಗೊಂಡು ಹೋಗಬಹುದು. ಎರಡು ಇಂಜಿನ್ ಇಟ್ಕೊಳ್ಳಿ, ಒಂದು ಬಿಸಿಯಾದಾಗ ಇನ್ನೊಂದು. ಬೆಸುಗೆ ಕಡ್ಡಿ, ಮಲ್ಟಿಮೀಟರ್, ಚಿಮಟ, ಆಲ್ಕೋಹಾಲ್ ಬಾಟಲಿ, ಎಕ್ಸ್‌ಟೆನ್ಷನ್ ಬಾಕ್ಸು ಒಂದೇ ಡಬ್ಬದಲ್ಲಿರಲಿ. ಮಕ್ಕಳಿಗೆ ಹತ್ತೋಕೆ ಒಂದು ಸ್ಟೂಲ್ ಒಯ್ಯಿರಿ, ಇಲ್ಲಾಂದ್ರೆ ಹಲಗೆ ಅಂಚಿಗೇ ಜೋತು ಬೀಳ್ತಾರೆ. ಮೊದಲ ಗಂಟೆಲೇ ಏನಾದ್ರೂ ಕೈ ಕೊಡತ್ತೆ, ನಂದು ಒಂದು ಸಲ ಪಾಯಿಂಟ್ಸ್ ವೈರೇ ಕಿತ್ತು ಬಂತು, ಹಲಗೆ ಓರೆ ಮಾಡಿ ಬೆಸುಗೆ ಹಾಕ್ತಾ ಕೂತಿದ್ದೆ, ತಲೆ ಎತ್ತಿ ನೋಡಿದ್ರೆ ರೈಲು ಓಡುವಾಗ ನಿಂತಿದ್ದಕ್ಕಿಂತ ಜಾಸ್ತಿ ಜನ ಸುತ್ತ ನಿಂತಿದ್ರು, ಒಬ್ಬ ಹುಡುಗ ಟಾರ್ಚ್ ಹಿಡ್ಕೊಂಡಿದ್ದ.